ಗೈರುಹಾಜರಿ ಎಂಬ ಮಾತು



ಘಟಪ್ರಭೆಯ ಧಬಧಬೆಯ ಬಳಿ 1880ರ ದಶಕದಲ್ಲಿ ನೂಲಿನ ಗಿರಣಿ ತಲೆಯೆತ್ತಿದ ಮೇಲೆ ಗೋಕಾಕ ಸೀಮೆಯ ದುಡಿಮೆಗೆ ಒಂದು ಹೊಸ ಸಾಕ್ಷಿ ಬಂದಿತು: ಹಾಜರಿ ಪುಸ್ತಕ. ಮುಂದೆ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಸಕ್ಕರೆ ಕಾರ್ಖಾನೆಗೂ ಮೂಡಲಗಿಯ ಕಚೇರಿಗಳಿಗೂ ಅದು ಬಂದಿತು. ಹೊಲದ ಒಕ್ಕಲಿಗ ಜ್ವರದಿಂದ ಮಲಗಿದರೆ “ಮೈಯಾಗ ಆರಾಮಿಲ್ಲ” ಎಂಬ ಮಾತೊಂದೇ ಸಾಕು. ನೆರೆಯವರು ಬಂದು ನೋಡುತ್ತಾರೆ, ನಂಬುತ್ತಾರೆ. ಪಗಾರದ ಆಳಿಗೆ ಆ ಮಾತು ಸಾಲದು. ಅವನ ಜ್ವರ ಕಾಗದದ ಮೇಲೆ ಇಳಿಯಬೇಕು.

ಕನ್ನಡ ಕಲಿಸಿದವನಾದ ನನಗೆ ಇಲ್ಲಿ ‘ಗೈರುಹಾಜರಿ’ ಎಂಬ ಪದವೇ ವಿಚಾರಯೋಗ್ಯವಾಗಿ ಕಾಣುತ್ತದೆ. ಅರಬ್ಬೀ ಮೂಲದ ಈ ಪದ ‘ಇದ್ದಿಲ್ಲ’ ಎನ್ನುತ್ತದೆಯೇ ಹೊರತು ಏಕೆ ಇದ್ದಿಲ್ಲವೆಂದು ಹೇಳುವುದಿಲ್ಲ. ಆದರೆ ಕಾರ್ಖಾನೆಗಳ ಸ್ಥಾಯೀ ಆದೇಶಗಳಿಗಾಗಿ ಆದ 1946ರ ಕಾಯ್ದೆಯ ಮಾದರಿ ನಿಯಮಗಳು, ರಜೆಯಿಲ್ಲದೆ ಹತ್ತು ದಿನಕ್ಕೂ ಮಿಕ್ಕಿ ದೂರವಿರುವುದನ್ನು ದುರ್ನಡತೆಯೆಂದು ಎಣಿಸಿದವು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯೋ, ಕ್ರಮವಾಗಿ ಪ್ರಮಾಣಪತ್ರ ಪಡೆದ ರೋಗಿಯನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು, ಶಿಕ್ಷಿಸಬಾರದು ಎಂದಿತು. ಒಂದು ಕೈ ಗದರಿಸಿತು, ಇನ್ನೊಂದು ಕೈ ಕಾಯಿತು.

ಇವೆರಡರ ನಡುವಿನ ದಾರಿಯನ್ನು ತೋರಿಸಿದ್ದು ಸರ್ವೋಚ್ಚ ನ್ಯಾಯಾಲಯ. ಎಂಟು ದಿನಕ್ಕೂ ಹೆಚ್ಚು ಕಾಲ ಬಾರದವನ ಕೆಲಸ ತಾನಾಗಿ ಹೋಯಿತೆಂದು ಮಾಲೀಕರು ವಾದಿಸಿದ ಡಿ. ಕೆ. ಯಾದವ್ ಪ್ರಕರಣದಲ್ಲಿ, ವಿಚಾರಣೆಯಿಲ್ಲದೆ ಒಬ್ಬನ ಅನ್ನ ಕಸಿಯಲಾಗದೆಂದು ಅದು 1993ರಲ್ಲಿ ತೀರ್ಪಿತ್ತಿತು. ಸರಕಾರಿ ನೌಕರರೊಬ್ಬರ ಪ್ರಕರಣದಲ್ಲಿ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಕಾಯಿಲೆ, ಅಪಘಾತಗಳಂಥ ಕೈಮೀರಿದ ಕಾರಣಗಳೂ ಉಂಟು, ಬೇಕೆಂದೇ ಬಾರದಿದ್ದನೆಂದು ರುಜುವಾತಾದ ಹೊರತು ಗೈರುಹಾಜರಿ ದುರ್ನಡತೆಯಾಗದು.

ಮಾಲೀಕರ ಸಂಶಯವೆಲ್ಲ ನಿರಾಧಾರವೆಂದು ನಾನು ಹೇಳಲಾರೆ. ಸುಳ್ಳು ಪ್ರಮಾಣಪತ್ರಗಳು ಇಲ್ಲದಿಲ್ಲ. ಬಾರದವನ ಪಾಳಿಯ ಭಾರವನ್ನು ಹೊರುವವನೂ ಬಡ ಕೂಲಿಕಾರನೇ. ಆದರೆ ಸಂಶಯಕ್ಕೆ ಮದ್ದು ವಿಚಾರಣೆ, ಶಿಕ್ಷೆಯಲ್ಲ. ದುಡಿಯುವವನಿಗೂ ಒಂದು ಕರ್ತವ್ಯವುಂಟು. ಹಾಸಿಗೆ ಹಿಡಿದ ದಿನವೇ ಮನೆಯವರ ಕೈಯಲ್ಲಿ ಚೀಟಿ ಕಳಿಸಬೇಕು. ಅದನ್ನು ಮುಟ್ಟಿಸಿದ್ದಕ್ಕೆ ಸಹಿ ಪಡೆಯಬೇಕು. ಪ್ರಮಾಣಪತ್ರದಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಸ್ಪಷ್ಟವಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಕಾರಣ ಕೇಳಿ ನೋಟೀಸು ಬಂದರೆ ಅದಕ್ಕೆ ಲಿಖಿತ ಜವಾಬು ಕೊಡಬೇಕು. ನಮ್ಮ ಹಳ್ಳಿಗರು ಹೆಚ್ಚಾಗಿ ಸೋಲುವುದು ಇಲ್ಲಿಯೇ. “ನಾ ಸುಳ್ಳ ಹೇಳಿಲ್ಲ, ಅಂಜೂದು ಯಾಕ?” ಎಂದು ಆ ಕಾಗದವನ್ನು ಜಂತಿಗೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಕಾಗದದ ಲೋಕದಲ್ಲಿ ಮೌನವನ್ನು ಒಪ್ಪಿಗೆಯೆಂದೇ ಓದುತ್ತಾರೆ.

‘ಇದ್ದಿಲ್ಲ’ ಎಂಬುದಕ್ಕೂ ‘ತಪ್ಪು ಮಾಡಿದ’ ಎಂಬುದಕ್ಕೂ ನಡುವೆ ‘ಏಕೆ?’ ಎಂಬ ಪ್ರಶ್ನೆಯೊಂದಿದೆ. ಅದನ್ನು ಕೇಳುವುದು ಅಧಿಕಾರಿಯ ಧರ್ಮ. ಉತ್ತರಿಸುವುದು ನೌಕರನ ಧರ್ಮ. ಇಬ್ಬರಲ್ಲಿ ಒಬ್ಬರು ಸುಮ್ಮನಾದರೂ ಉಪವಾಸ ಬೀಳುವುದು ಒಂದು ಮನೆ.