ಯುದ್ಧಚರಿತ್ರೆಯ ಓದು



ಯುದ್ಧಚರಿತ್ರೆಯ ಪುಸ್ತಕಗಳನ್ನು ಓದುವುದು ನನ್ನ ಹವ್ಯಾಸ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೂ ಇದರ ರುಚಿ ಹತ್ತಲೆಂಬುದು ನನ್ನ ಆಸೆ.

ವಡೋದರೆಯಿಂದ ಸೂರತ್ತಿಗೆ ಹೋಗುವ ರೈಲು ಭರೂಚಿನ ಬಳಿ ನರ್ಮದೆಯನ್ನು ದಾಟುತ್ತದೆ. ಬಾದಾಮಿಯ ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದು ನಿಲ್ಲಿಸಿದ್ದು ಈ ನದಿಯ ಸೀಮೆಯಲ್ಲಿ ಎಂದು ಚರಿತ್ರಕಾರರ ಮತ. ಆ ಗೆಲುವನ್ನು ಸಾರುವ ಐಹೊಳೆಯ ಶಾಸನ ಕ್ರಿ.ಶ. ೬೩೪ರದು, ರಚಿಸಿದವನು ರವಿಕೀರ್ತಿ. ಗೆದ್ದ ಅರಸನ ಕವಿ ಹೊಗಳದೆ ಇರುತ್ತಾನೆಯೆ ಎಂದು ಮಕ್ಕಳು ಕೇಳಿಯಾರು. ಕೇಳಲಿ! ಆಗ ಹ್ಯುಯೆನ್ ತ್ಸಾಂಗನ ಪ್ರವಾಸಕಥನವನ್ನು ಅವರ ಕೈಗಿಡಿ. ಹರ್ಷನಿಂದ ಸತ್ಕಾರ ಪಡೆದ ಆ ಯಾತ್ರಿಕನೇ, ಪುಲಕೇಶಿಯ ನಾಡನ್ನು ಹರ್ಷ ಜಯಿಸಲಾರದೆ ಹೋದನೆಂದು ಬರೆದಿದ್ದಾನೆ.

ಅಲ್ಲಿಗೇ ಪುಸ್ತಕ ಮುಚ್ಚಬಾರದು. ಅದೇ ಪುಲಕೇಶಿಯನ್ನು ಸೋಲಿಸಿ, ೬೪೨ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲಿದೆ. ಸೋಲಿನ ಪುಟವನ್ನು ಮರೆಮಾಡಿದರೆ ಮಕ್ಕಳಿಗೆ ದಕ್ಕುವುದು ಜಂಭ, ಚರಿತ್ರೆಯಲ್ಲ.

ಪುಸ್ತಕ ಯಾವ ಭಾಷೆಯದಾದರೂ ಇರಲಿ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಪುಟವನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿ. ಚರಿತ್ರೆಯೊಡನೆ ಮನೆಮಾತೂ ಉಳಿದೀತು.