ಭೂಕಂಪದ ಹೆದರಿಕೆ ಮತ್ತು ನಮ್ಮ ಮನೆಯ ಗೋಡೆ

(ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತು)



ಹೋದ ವಾರ ತೊಗರಿಯ ಹೊಲ ನೋಡಲು ಬಂದಿದ್ದಾಗ ಈ ಊರಿನ ಅಜ್ಜನವರೊಬ್ಬರು ನನ್ನನ್ನು ಕೇಳಿದರು: "ಹುಳದ ಮಾತು ಇರಲಿ ತಮ್ಮಾ, ಭೂಮಿ ಮತ್ತ ಯಾವಾಗ ನಡುಗತದ, ಅದನ್ನ ಹೇಳು."

ಇಂಥ ದಿನ, ಇಂಥ ಗಳಿಗೆ ಎಂದು ಭೂಕಂಪವನ್ನು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಇನ್ನೂ ಸಿದ್ಧಿಸಿಲ್ಲ ಎಂದೆ. ಅಜ್ಜನವರು ಸುಮ್ಮನಾದರು. ಆದರೆ ಆ ರಾತ್ರಿಯೂ ಅವರ ಹೊರಸು ಅಂಗಳದಲ್ಲೇ ಇತ್ತು. ನನ್ನ ಉತ್ತರ ಅರ್ಧ ಮಾತ್ರ ಆಗಿತ್ತು. ಉಳಿದ ಅರ್ಧವನ್ನು ಇಂದು ಹೇಳುತ್ತೇನೆ.

ನಮ್ಮ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಿನಲ್ಲಿ ನಡೆದದ್ದು ನಿಮಗೆ ನೆನಪಿದೆ. ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ನಡುಕ. 11ನೆಯ ತಾರೀಖಿನ ರಾತ್ರಿ 4.1ರ ಪ್ರಮಾಣದ ಕಂಪನ ದಾಖಲಾಯಿತು. ಜನ ಬಯಲಲ್ಲಿ ಮಲಗಿದರು. ಎಷ್ಟೋ ಮನೆಯವರು ಬೀಗರ ಊರುಗಳಿಗೆ ಹೋದರು. ಹೆದರಿದ್ದು ತಪ್ಪಲ್ಲ. ಆ ಹೆದರಿಕೆಗೆ ಕಾರಣವಿತ್ತು. ಅದರ ಹೆಸರು ಕಿಲ್ಲಾರಿ.

1993ರ ಸೆಪ್ಟೆಂಬರ್ 30. ಗಣಪತಿಯನ್ನು ಬಿಟ್ಟು ಬಂದು ದಣಿದು ಮಲಗಿದ ಜನ. ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷಗಳಿದ್ದಾಗ ನೆರೆಯ ಲಾತೂರು ಜಿಲ್ಲೆಯ ಆ ಊರಿನ ಸುತ್ತ ಭೂಮಿ ನಡುಗಿತು. ಸಾವಿರಾರು ಜನ ತೀರಿಕೊಂಡರು. ಆಗಿನ ಸರಕಾರಿ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ಸೀಮೆ! ಆದ್ದರಿಂದ "ನಮ್ಮ ಕಡೆ ಏನೂ ಆಗದು" ಎಂದು ಕೈಕಟ್ಟಿ ಕೂರುವುದೂ ಸರಿಯಲ್ಲ. ಹಾಗೆಯೇ, ಕಿಲ್ಲಾರಿಯ ಕಂಪನದ ಪ್ರಮಾಣ 6ನ್ನು ಮೀರಿತ್ತು. ಗಡಿಕೇಶ್ವರದ್ದಕ್ಕಿಂತ ಅದರ ಶಕ್ತಿ ಸಾವಿರ ಪಟ್ಟಿಗೂ ಹೆಚ್ಚು. ಸಣ್ಣ ಸದ್ದಿಗೆಲ್ಲ ಊರು ಬಿಡುವುದೂ ಬೇಡ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ, ಮನೆ. ಗುಂಡುಕಲ್ಲಿನ ದಪ್ಪ ಗೋಡೆ. ಒಳಮೈ ಬೇರೆ, ಹೊರಮೈ ಬೇರೆ, ನಡುವೆ ಚೂರುಕಲ್ಲು, ಮಣ್ಣಿನ ಕೆಸರು. ಮೇಲೆ ಮಣ್ಣಿನ ಮಾಳಿಗೆ. ಸೋರುತ್ತದೆಂದು ವರ್ಷ ವರ್ಷವೂ ಮತ್ತಷ್ಟು ಮಣ್ಣು. ನಡುಗಿದಾಗ ಗೋಡೆಯ ಎರಡು ಮೈ ಸೀಳಿದವು, ಮಣ್ಣು ಮಲಗಿದವರ ಮೇಲೆ ಬಿತ್ತು. ಈಗ ತಲೆ ಎತ್ತಿ ನಮ್ಮ ಮಾಳಿಗೆಗಳನ್ನು ನೋಡಿರಿ. ಬೇರೆಯೇನು?

ಆದ್ದರಿಂದ ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಈ ಕೆಲಸ ಮಾಡೋಣ. ಮಾಳಿಗೆಯ ಹಳೆಯ ಮಣ್ಣನ್ನು ಕೆರೆದು ಇಳಿಸದೆ ಹೊಸ ಮಣ್ಣು ಹಾಕಬೇಡಿ. ಹೊಸ ಗೋಡೆ ಕಟ್ಟಿಸುವವರು ಗೌಂಡಿಗೆ ಹೇಳಿ, ಗೋಡೆಯ ದಪ್ಪವನ್ನು ಪೂರಾ ಹಾಯುವ ಉದ್ದ ಕಲ್ಲನ್ನು ಎರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ಅಡಿ ದೂರಕ್ಕೊಂದರಂತೆ ಇಡಿಸಿರಿ. ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಕಬ್ಬಿಣದ ಸರಳಿನ ಕಾಂಕ್ರೀಟು ಪಟ್ಟಿ ಹಾಯಲಿ. ಸೊಂಟಕ್ಕೆ ಉಡಿದಾರದಂತೆ ಅದು ನಾಲ್ಕು ಗೋಡೆಗಳನ್ನೂ ಹಿಡಿದಿಡುತ್ತದೆ. ಮೂಲೆಗೆ ತಾಗಿ ಬಾಗಿಲು ಬೇಡ.

ಖರ್ಚಿಲ್ಲದ ಕೆಲಸಗಳನ್ನು ಇಂದು ರಾತ್ರಿಯೇ ಮಾಡಬಹುದು. ಹೊರಸನ್ನು ಉಬ್ಬಿದ ಗೋಡೆಯಿಂದ ದೂರ ಸರಿಸಿರಿ. ತಲೆಯ ಮೇಲಿನ ಅಟ್ಟದಿಂದ ಭಾರದ ಪಾತ್ರೆ, ಚೀಲ ಇಳಿಸಿರಿ. ಬಾಗಿಲಿನ ದಾರಿಗೆ ಏನೂ ಅಡ್ಡ ಇರದಿರಲಿ. ಬ್ಯಾಟರಿ ಕೈಗೆಟುಕುವಂತಿರಲಿ. ದನದ ಕಣ್ಣಿಗೆ ಎಳೆದರೆ ಬಿಚ್ಚುವ ಗಂಟು ಹಾಕಿರಿ. ಹೊರಗೆ ಬಂದವರು ಗೋಡೆ, ವಿದ್ಯುತ್ ಕಂಬಗಳಿಂದ ದೂರ ನಿಲ್ಲಿರಿ.

ನಾನು ಕೃಷಿ ಡಿಪ್ಲೊಮಾ ಓದಿದವನು, ಮನೆ ಕಟ್ಟುವವನಲ್ಲ. ಅದಕ್ಕೇ ತೊಗರಿಯ ಮಾತಿಗೇ ಮರಳುತ್ತೇನೆ. ಕಾಯಿಕೊರಕ ಯಾವ ದಿನ ಬರುತ್ತದೆಂದು ನಿಮಗೆ ಗೊತ್ತೇ? ಇಲ್ಲ. ಆದರೂ ಹೂ ಬಿಟ್ಟಾಗಿನಿಂದ ಹೊಲ ತಿರುಗುತ್ತೀರಿ; ಗಿಡ ಅಲುಗಿಸಿ ಹುಳುವನ್ನು ಚಾದರಕ್ಕೆ ಕೆಡವುತ್ತೀರಿ. ಹುಳುವಿನ ಹೆದರಿಕೆಯಿಂದ ಯಾರೂ ಹೊಲ ಬಿಟ್ಟು ಹೋಗಿಲ್ಲ. ಭೂಕಂಪದ ಹೆದರಿಕೆಯನ್ನೂ ಹೀಗೆಯೇ ದುಡಿಮೆಗೆ ಹಚ್ಚೋಣ.

ವಯಸ್ಸಾದವರು, ಒಂಟಿ ತಾಯಂದಿರು ಮಾಳಿಗೆ ಏರಿ ಮಣ್ಣು ಇಳಿಸಲಾರರು. ಅವರ ಮನೆಗಳನ್ನು ಯುವಕರು ಶ್ರಮದಾನದಿಂದ ಮೊದಲು ಹಗುರ ಮಾಡಬೇಕು. ಮೊದಲ ಬುಟ್ಟಿಯನ್ನು ಆ ಅಜ್ಜನವರ ಮಾಳಿಗೆಯಿಂದ ನಾನೇ ಇಳಿಸುತ್ತೇನೆ. ನೀವು ಸಲಿಕೆ ತನ್ನಿರಿ.