ಕೈಯಲ್ಲಿ ಫೋನು, ತಲೆಯ ಮೇಲೆ ಆಕಾಶ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ವಿಷಯವಾಗಿ ನಾನು ಇಲ್ಲಿ ಹಲವು ಸಲ ಮಾತನಾಡಿದ್ದೇನೆ. ಇಂದು ನಕ್ಷತ್ರಗಳ ವಿಷಯ ಹೇಳಲು ನಿಂತಿದ್ದೇನೆ. "ಹೊಟ್ಟೆಯ ಪ್ರಶ್ನೆ ಬಿಟ್ಟು ಇವನಿಗೆ ಆಕಾಶವೇಕೆ?" ಎಂದು ಯಾರಾದರೂ ಕೇಳಬಹುದು. ಹೊಟ್ಟೆಗೆ ಬೇಕಾದುದನ್ನು ಕೇಳುವ ನಾವು ತಲೆಗೆ ಬೇಕಾದುದನ್ನೂ ಕೇಳಬೇಡವೇ?

ಹೋಟೆಲು ಮುಚ್ಚಿ ನಡುರಾತ್ರಿ ಟೆರೇಸಿನಲ್ಲಿ ಹಾಸಿಗೆ ಬಿಡಿಸುವವರು ನಾವು. ನಸುಕಿನಲ್ಲೆದ್ದು ಒಲೆ ಹಚ್ಚುವವರೂ ನಾವು. ಊರು ಮಲಗಿದಾಗ ಎಚ್ಚರವಿರುವವರಿಗೆ ರಾತ್ರಿಯ ಆಕಾಶದ ಮೇಲೆ ಹಕ್ಕು ತುಸು ಹೆಚ್ಚೇ.

ಸ್ಕೈ ಮ್ಯಾಪ್, ಸ್ಟೆಲೇರಿಯಂ ಎಂಬ ಆ್ಯಪುಗಳಿವೆ. ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ತೆರೆದು ಫೋನನ್ನು ಆಕಾಶಕ್ಕೆ ಹಿಡಿದರೆ ಆ ದಿಕ್ಕಿನ ಗ್ರಹ, ನಕ್ಷತ್ರಗಳ ಹೆಸರು ಮೂಡುತ್ತವೆ. ಇದು ಮಾಟವಲ್ಲ, ಕ್ಯಾಮರಾ ಆಕಾಶವನ್ನು ನೋಡಿ ಹೇಳುವುದೂ ಅಲ್ಲ. ನಾವಿರುವ ಸ್ಥಳವನ್ನು ಫೋನು ಉಪಗ್ರಹಗಳ ಸಂಕೇತದಿಂದ ತಿಳಿಯುತ್ತದೆ. ಹೊತ್ತನ್ನು ಗಡಿಯಾರದಿಂದ, ದಿಕ್ಕನ್ನು ಒಳಗಿನ ಪುಟ್ಟ ದಿಕ್ಸೂಚಿಯಿಂದ, ತಾನು ಎಷ್ಟು ಓರೆಯಾಗಿದ್ದೇನೆಂಬುದನ್ನು ಇನ್ನೊಂದು ಸಾಧನದಿಂದ ತಿಳಿಯುತ್ತದೆ. ಇಷ್ಟನ್ನು ಕೂಡಿಸಿ, ತನ್ನಲ್ಲಿರುವ ಪಟ್ಟಿಯಂತೆ ಲೆಕ್ಕ ಹಾಕಿ ತೋರಿಸುತ್ತದೆ. ನಡುರಾತ್ರಿಯಲ್ಲಿ ಫೋನನ್ನು ನೆಲದ ಕಡೆಗೆ ತಿರುಗಿಸಿ ಹುಡುಕಿರಿ. ಭೂಮಿಯ ಆಚೆ ಬದಿಯ ಸೂರ್ಯನನ್ನೂ ತೋರಿಸೀತು!

ಲೆಕ್ಕವೆಂದ ಮೇಲೆ ತಾಳೆ ನೋಡಲೇಬೇಕು. ಕಬ್ಬಿಣದ ಟಾಂಕಿ, ತಗಡಿನ ಮಾಡು, ಅಯಸ್ಕಾಂತವಿರುವ ಫೋನಿನ ಕವರು ಇವು ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ. ಆದುದರಿಂದ ಮೊದಲು ಚಂದ್ರನ ಕಡೆಗೆ ಹಿಡಿಯಿರಿ. ಪರದೆಯ ಚಂದ್ರನೂ ಆಕಾಶದ ಚಂದ್ರನೂ ಒಂದೇ ಕಡೆ ಇದ್ದರೆ ಸರಿ. ಇಲ್ಲವಾದರೆ ಕಬ್ಬಿಣದಿಂದ ದೂರ ಸರಿದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರಂತೆ ನಾಲ್ಕಾರು ಸಲ ಆಡಿಸಿರಿ. ಪರದೆಗೆ ಕೆಂಪು ಬೆಳಕಿನ ರಾತ್ರಿ ಬಣ್ಣ ಹಾಕಿರಿ. ಕತ್ತಲೆಗೆ ಕಣ್ಣು ಒಗ್ಗಲು 20–30 ನಿಮಿಷ ಬೇಕು. ಬಿಳಿಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ಮುಂಬಯಿಯ ದೀಪಗಳ ನಡುವೆ ಎಲ್ಲವೂ ಕಾಣದು. ಆದರೂ ಶುಕ್ರ, ಗುರು ಕಾಣುತ್ತಾರೆ. ಚಳಿಗಾಲದ ರಾತ್ರಿ ಸಾಲಾಗಿ ನಿಂತ ಮೂರು ನಕ್ಷತ್ರಗಳು ಮಹಾವ್ಯಾಧನ ನಡುಪಟ್ಟಿ. ಆ ಸಾಲನ್ನು ಒಂದು ಕಡೆಗೆ ಎಳೆದರೆ ಲುಬ್ಧಕ, ಇನ್ನೊಂದು ಕಡೆಗೆ ಎಳೆದರೆ ಕೆಂಪು ರೋಹಿಣಿ. ಅಲ್ಲೇ ಪಕ್ಕದಲ್ಲಿ ಇನ್ನೊಂದು ಕೆಂಪು ಚುಕ್ಕೆ, ಆರಿದ್ರಾ. ಊರಿನಲ್ಲಿ ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ನಮ್ಮ ಹಿರಿಯರು ಗದ್ದೆಗಿಳಿಯುತ್ತಿದ್ದುದು ಈ ಹೆಸರುಗಳನ್ನು ಹಿಡಿದೇ. ಸೂರ್ಯ ಆ ನಕ್ಷತ್ರದ ಬಳಿ ಬರುವ ಕಾಲವೇ ಆ ಮಳೆಯ ಕಾಲ. ಆದುದರಿಂದ ಮಳೆ ಬರುವಾಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಶಾಲೆಗೆ ಹೋಗದ ನಮ್ಮ ಅಜ್ಜಂದಿರು ಬಾಯಲ್ಲಿಟ್ಟುಕೊಂಡಿದ್ದ ಹೆಸರುಗಳನ್ನು ನಾವು ಪೇಟೆಗೆ ಬಂದು ಕಳೆದುಕೊಳ್ಳಬೇಕೇ?

ಇನ್ನೊಂದು ಮಾತು. "ನಿನಗೆ ಶನಿ ಹಿಡಿದಿದೆ" ಎಂದು ಹೆದರಿಸಿ ತಿಂಗಳ ಪಗಾರ ಕೀಳುವವರಿದ್ದಾರೆ. ಅಂಥವರು ಬಂದರೆ ಆ್ಯಪಿನಲ್ಲಿ ಶನಿಯನ್ನು ಹುಡುಕಿ ಕಣ್ಣಾರೆ ನೋಡಿರಿ. ತೀರ ಹತ್ತಿರ ಬಂದಾಗಲೂ ಅದು ಸುಮಾರು 120 ಕೋಟಿ ಕಿಲೋಮೀಟರು ದೂರ. ಅಷ್ಟು ದೂರದಿಂದ ಬಂದು ಅದು ನಮ್ಮ ಪಗಾರಕ್ಕೆ ಕೈ ಹಾಕುವುದಿಲ್ಲ. ಪಗಾರಕ್ಕೆ ಕೈ ಹಾಕುವವರು ಹತ್ತಿರದಲ್ಲೇ ಇರುತ್ತಾರೆ.

ಬಂಧುಗಳೇ, ಫೋನು ದಾರಿ ತೋರಿಸುವ ಆಳು, ಯಜಮಾನನಲ್ಲ. ವಾರಕ್ಕೆ ಒಂದು ನಕ್ಷತ್ರವನ್ನು ಗುರುತು ಹಿಡಿಯಿರಿ. ಮರುದಿನ ಫೋನಿಲ್ಲದೆ ಅದನ್ನೇ ಹುಡುಕಿರಿ. ಸಿಕ್ಕಿದ ಮೇಲೆ, ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಬೆರಳಿನಿಂದ ತೋರಿಸಿರಿ. ಕಲಿತದ್ದನ್ನು ಹಂಚಿಕೊಳ್ಳುವುದೂ ಸಂಘದ ಕೆಲಸವೇ.